ಕೆಲಸ ಕೇಳುವ ತಾಯಂದಿರು

ಬಡ ತಾಯಂದಿರಿಗೆ ಸರ್ಕಾರ ನೀಡುವ ನೆರವು ಅವರನ್ನು ಸೋಮಾರಿಗಳನ್ನಾಗಿ ಮಾಡುತ್ತದೆಯೆ? 2023ರಿಂದೀಚೆಗೆ ಈ ಪ್ರಶ್ನೆ ನಮ್ಮ ಮನೆಗಳ ಊಟದ ಹೊತ್ತಿನಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ, ಮದುವೆಯ ಚಪ್ಪರದಡಿಯಲ್ಲಿ ಪದೇ ಪದೇ ಕೇಳಿಬರುತ್ತಿದೆ. ಕೇಳುವವರಲ್ಲಿ ಬಹುತೇಕರು ಕೆಟ್ಟ ಮನಸ್ಸಿನವರಲ್ಲ. ಮನೆಗೆಲಸಕ್ಕೆ ಜನ ಸಿಗುತ್ತಿಲ್ಲ, ಹೊಲದ ಕೂಲಿ ಏರಿದೆ, ತೆರಿಗೆ ಕಟ್ಟುವವರು ನಾವು ಎಂಬ ಸಂಕಟ ಅವರ ಮಾತಿನ ಹಿಂದಿರುತ್ತದೆ. ಆದರೆ ಪ್ರಶ್ನೆಗೆ ಉತ್ತರವನ್ನು ಅಂಗಳದಲ್ಲಿ ನಿಂತು ಹುಡುಕುವುದಕ್ಕಿಂತ, ನೆರವು ಯಾರಿಗೆ ಸಲ್ಲಬೇಕೆಂದು ಕಾನೂನು ಹೇಳಿತೋ ಆ ತಾಯಂದಿರು ಇರುವ ಕಡೆಗೆ ಒಮ್ಮೆ ದೃಷ್ಟಿ ಹಾಯಿಸುವುದು ಲೇಸು. ಅದಕ್ಕಾಗಿ ನಾವು ಈ ವಾರ ರಾಯಚೂರು ಜಿಲ್ಲೆಯ ದೇವದುರ್ಗ ಹಾಗೂ ಮಾನ್ವಿ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಮೇಲಿರುವ ಊರು. ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡಿರುವ ಕ್ಷೇತ್ರ. ಇಂದು ಫೋನಿನಲ್ಲಿ ಈ ಊರಿನ ಹೆಸರು ಹೇಳಿದರೆ ಅಮೆರಿಕದ ಕಂಪನಿಯೊಂದು ಎದ್ದು ಬರುತ್ತದೆಯೇ ಹೊರತು ಕೃಷ್ಣೆಯ ದಂಡೆ ಬರುವುದಿಲ್ಲ ಎಂಬುದು ಒಂದು ವಿನೋದ. ನದಿ ಪಕ್ಕದಲ್ಲಿಯೇ ಹರಿದರೂ ತಾಲ್ಲೂಕಿನ ಬಡತನ ತೊಳೆದುಹೋಗಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ದೇವದುರ್ಗವೂ ಸೇರಿದೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಆದರೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪುವುದು ಪ್ರತಿ ವರ್ಷದ ಜಗಳ. ನೀರು ತಲುಪಿದರೂ ಅದು ಭೂಮಿ ಇದ್ದವರ ಪಾಲು. ಭೂಮಿ ಇಲ್ಲದ ಮನೆಯ ತಾಯಿಗೆ ವರ್ಷವೆಂದರೆ ಭತ್ತದ ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಆಮೇಲೆ ಬರಿಗೈ. ಆ ಬರಿಗೈಯ ತಿಂಗಳುಗಳಲ್ಲಿ ಸಂಸಾರ ಗಂಟುಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಗುಳೆ ಹೊರಡುತ್ತದೆ. ಕಟ್ಟಡದ ಕೆಲಸದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಡುಗೆಯ ಒಲೆ ಉರಿಯುತ್ತದೆ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಮಾತ್ರ ಉಳಿಯುತ್ತದೆ.

ಇಂಥ ಸೀಮೆಗೆ 2006ರ ಫೆಬ್ರವರಿ 2ರಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ ಬಂದಿತು. ದೇಶದ 200 ಜಿಲ್ಲೆಗಳ ಮೊದಲ ಹಂತದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಐದೇ ಜಿಲ್ಲೆಗಳು. ಅವುಗಳಲ್ಲಿ ರಾಯಚೂರು ಒಂದು. ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ, ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ, ಊರಿನಿಂದ 5 ಕಿಲೋಮೀಟರಿನೊಳಗೆ ಕೆಲಸ, ಅದಕ್ಕಿಂತ ದೂರವಾದರೆ ಶೇಕಡಾ 10ರಷ್ಟು ಹೆಚ್ಚುವರಿ ಕೂಲಿ ಎಂದು ಕಾಯ್ದೆ ಹೇಳಿತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದಿತು. ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಅವಳಿಗೂ ಅದೇ ಕೂಲಿ ಕೊಡಬೇಕೆಂದಿತು. ಮಗುವನ್ನು ನೋಡಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಕೂಲಿ ಉಂಟು ಎಂದು ನಮ್ಮ ದೇಶದ ಕಾನೂನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಸಂದರ್ಭಗಳು ಹೆಚ್ಚಿಲ್ಲ.

ಕರ್ನಾಟಕದಲ್ಲಿ 2011ರಲ್ಲಿ ದಿನಕ್ಕೆ 125 ರೂಪಾಯಿ ಇದ್ದ ಈ ಕೂಲಿ 2025–26ರಲ್ಲಿ 370 ರೂಪಾಯಿ ಆಯಿತು. ಮೊತ್ತಕ್ಕಿಂತ ಮುಖ್ಯವಾದದ್ದು ಮತ್ತೊಂದು. ಹೊಲದ ಕೂಲಿಯಲ್ಲಿ ಗಂಡಸಿಗೆ ಒಂದು ದರ, ಹೆಂಗಸಿಗೆ ಅದಕ್ಕಿಂತ ಕಡಿಮೆ ದರ ಎಂಬ ರೂಢಿಯನ್ನು ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದ ಊರುಗಳಲ್ಲಿ, ಕೆರೆಯ ಹೂಳೆತ್ತುವಾಗ, ಹೊಲದ ಬದು ಹಾಕುವಾಗ ಇಬ್ಬರಿಗೂ ಒಂದೇ ಲೆಕ್ಕ ಎಂಬ ಮಾತು ಹೊಸದು. ಖಾತ್ರಿ ಕೆಲಸ ನಡೆಯುತ್ತಿರುವಾಗ ಜಮೀನುದಾರನ ಬಳಿ ನಿಂತು ‘ಇಷ್ಟಕ್ಕೆ ಬರುವುದಿಲ್ಲ’ ಎನ್ನುವ ಧೈರ್ಯ ಕೂಲಿಯವಳಿಗೆ ಬಂದಿತು. ದೇಶದಾದ್ಯಂತ ಈ ಕೆಲಸಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರೇ ಆದದ್ದು ಆಕಸ್ಮಿಕವಲ್ಲ. ಗಂಡಸು ದೂರದ ಊರಿಗೆ ಹೋಗಿ ಹೆಚ್ಚು ಗಳಿಸಬಲ್ಲ. ಹಾಲು ಕುಡಿಯುವ ಕೂಸು, ಶಾಲೆಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ ಇರುವ ತಾಯಿಗೆ ಊರಿನಲ್ಲಿಯೇ ಸಿಗುವ ಕೆಲಸವೇ ಕೆಲಸ.

ಕಾನೂನು ಬಂದಿತೆಂದು ಕೆಲಸ ತಾನಾಗಿ ಮನೆಬಾಗಿಲಿಗೆ ಬರಲಿಲ್ಲ. ಕೆಲಸ ಬೇಕಾದವರು ನಮೂನೆ 6ರಲ್ಲಿ ಅರ್ಜಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಬೇಕು. ಪಂಚಾಯಿತಿ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು. ನಿರುದ್ಯೋಗ ಭತ್ಯೆಯ ಹಕ್ಕು ಹುಟ್ಟುವುದೇ ಆ ಚೀಟಿಯಿಂದ. ಆದ್ದರಿಂದಲೇ ಆ ಚೀಟಿಯೊಂದನ್ನು ಬಿಟ್ಟು ಉಳಿದೆಲ್ಲವೂ ಪಂಚಾಯಿತಿಗಳಲ್ಲಿ ಸುಲಭವಾಗಿ ಸಿಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ‘ಅರ್ಜಿ ಇಟ್ಟು ಹೋಗಿ, ನೋಡೋಣ’ ಎಂಬ ಉತ್ತರವನ್ನು ಒಬ್ಬಂಟಿಯಾಗಿ ಹೋದ ಹೆಣ್ಣುಮಗಳು ಕೇಳಿಕೊಂಡು ಹಿಂದಿರುಗುತ್ತಾಳೆ. ನಲವತ್ತು ಮಂದಿ ಒಟ್ಟಿಗೆ ಹೋಗಿ ಕಚೇರಿಯ ಮುಂದೆ ಕುಳಿತರೆ ಚೀಟಿ ಸಿಗುತ್ತದೆ. ಈ ಸರಳ ಸತ್ಯವೇ ರಾಯಚೂರು ಸೀಮೆಯ ಕೂಲಿ ಸಂಘಟನೆಗಳ ಅಡಿಪಾಯ. ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಜನರ ಬಾಯಲ್ಲಿ ‘ಗ್ರಾಕೂಸ್’, ಖಾತ್ರಿ ಕೆಲಸದ ಸುತ್ತಲೇ ಬೆಳೆದು ನಿಂತಿತು. ಕರ್ನಾಟಕ ಪ್ರಾಂತ ಕೃಷಿ ಕೂಲಿಕಾರರ ಸಂಘವೂ ಇದೇ ಬೇಡಿಕೆಗಳೊಡನೆ ತಾಲ್ಲೂಕು ಕಚೇರಿಗಳ ಮುಂದೆ ಕುಳಿತಿದೆ.

ಆದರೆ ಹೆಂಗಸರ ಸಂಘಟನೆ ಉದ್ಯೋಗ ಖಾತ್ರಿಯಿಂದಲೇ ಹುಟ್ಟಿತೆಂದು ತಿಳಿದರೆ ಅದು ಅರ್ಧ ಚರಿತ್ರೆ. 1989ರಲ್ಲಿ ರಾಜ್ಯದಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾಗಿ ಮುಂದೆ ಈ ಜಿಲ್ಲೆಗೂ ವಿಸ್ತರಿಸಿದಾಗ, ಅಕ್ಷರ ಬಾರದ ಹೆಂಗಸರು ವಾರಕ್ಕೊಮ್ಮೆ ಸೇರಿ ಮಾತನಾಡುವ ರೂಢಿ ಬೆಳೆಯಿತು. ಮಾನ್ವಿ ಸೀಮೆಯ ಪೋತ್ನಾಳದಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ದಲಿತ ಕೂಲಿ ಹೆಂಗಸರು ಸೇರಿ ‘ಜಾಗೃತ ಮಹಿಳಾ ಸಂಘಟನೆ’ ಕಟ್ಟಿದರು. ಕೂಲಿಯಿಂದ ಉಳಿಸಿದ ಪುಡಿಗಾಸನ್ನು ಕೂಡಿಟ್ಟರು. ಬೇವಿನ ಗೊಬ್ಬರ ತಯಾರಿಸಿದರು, ಸುಟ್ಟ ಮಣ್ಣಿನ ಆಭರಣ ಮಾಡಿ ಮಾರಿದರು. ದುಡಿಮೆಗೆ ಬಿದ್ದಿದ್ದ ಮಕ್ಕಳಿಗಾಗಿ ‘ಚಿಲಿಪಿಲಿ’ ಎಂಬ ಶಾಲೆ ನಡೆಸಿದರು. 2000ದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ಆರಂಭಿಸಿದಾಗ ಸಂಘಗಳು ಊರೂರಿಗೂ ಬಂದವು. ಅವುಗಳಲ್ಲಿ ಅನೇಕವು ಸಾಲದ ಲೆಕ್ಕದಲ್ಲಿಯೇ ನಿಂತುಹೋದವೆಂಬ ಮಾತಿನಲ್ಲಿ ಹುರುಳಿದೆ. ಹಣ ಕೂಡಿಸುವುದಕ್ಕೆ ಸೇರಿದವರು ಹಕ್ಕು ಕೇಳುವುದಕ್ಕೆ ಸೇರಿಯಾರೆಂಬ ಭರವಸೆಯೇನೂ ಇಲ್ಲ. ಪೋತ್ನಾಳದ ತಾಯಂದಿರು ಎರಡಕ್ಕೂ ಸೇರಿದರು ಎಂಬುದರಿಂದ ಅವರ ಹೆಸರನ್ನು ಇಲ್ಲಿ ಬರೆಯಬೇಕಾಯಿತು.

ಇನ್ನು ಸುಧಾರಣೆಯ ಮಾತು. ಉದ್ಯೋಗ ಖಾತ್ರಿಯಲ್ಲಿ ಕಳ್ಳ ಹೆಸರುಗಳು, ಮಾಡದ ಕೆಲಸಕ್ಕೆ ಬಿಲ್ಲು, ಯಂತ್ರ ತಂದು ಕೆಲಸ ಮಾಡಿಸಿ ಕೂಲಿಯವರ ಹೆಸರಿನಲ್ಲಿ ಹಣ ತೆಗೆಯುವುದು, ಇವೆಲ್ಲ ನಡೆದವು. ಅದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತೆಯಲ್ಲ. ತಡೆಗಟ್ಟಲು ಕೇಂದ್ರ ಸರ್ಕಾರ ಎರಡು ಕ್ರಮಗಳನ್ನು ತಂದಿತು. 2023ರ ಜನವರಿ 1ರಿಂದ ಎಲ್ಲ ಕೆಲಸದ ಸ್ಥಳಗಳಲ್ಲಿಯೂ ಮೊಬೈಲ್ ಆ್ಯಪ್ ಮೂಲಕ ಹಾಜರಿ ಹಾಕಬೇಕು, ದಿನಕ್ಕೆ ಎರಡು ಸಲ ಕೂಲಿಯವರ ಛಾಯಾಚಿತ್ರ ತೆಗೆದು ಏರಿಸಬೇಕು ಎಂಬುದು ಮೊದಲನೆಯದು. 2024ರ ಜನವರಿ 1ರಿಂದ ಆಧಾರ್ ಜೋಡಣೆಯ ಮೂಲಕವೇ ಕೂಲಿ ಪಾವತಿ ಎಂಬುದು ಎರಡನೆಯದು.

ಕಾಗದದ ಮೇಲೆ ಎರಡೂ ನ್ಯಾಯವಾಗಿಯೇ ಕಾಣುತ್ತವೆ. ದೇವದುರ್ಗದ ಬಿಸಿಲಿನಲ್ಲಿ ಅವು ಹೇಗೆ ಕಾಣುತ್ತವೆ ಎಂಬುದನ್ನು ನೋಡೋಣ. ಖಾತ್ರಿ ಕೆಲಸಕ್ಕೆ ಅಳತೆಯಂತೆ ಕೂಲಿ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಅಗೆದರೆ ಪೂರ್ಣ ಕೂಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಏರುವ ಮೊದಲೇ ಗುದ್ದಲಿ, ಪುಟ್ಟಿ ಹಿಡಿದು ಹೊರಟು, ಬಿಸಿಲು ನೆತ್ತಿಗೆ ಬರುವ ಮುನ್ನ ಅಳತೆ ಮುಗಿಸಿ ಮನೆ ಸೇರಿ ಒಲೆ ಹಚ್ಚುವುದು ತಾಯಂದಿರು ಕಂಡುಕೊಂಡಿದ್ದ ಹದ. ಎರಡನೆಯ ಚಿತ್ರ ಕಡ್ಡಾಯವಾದ ಮೇಲೆ ಕೆಲಸ ಮುಗಿದರೂ ಮನೆಗೆ ಹೋಗುವಂತಿಲ್ಲ. ನೆರಳಿದ್ದರೆ ನೆರಳಿನಲ್ಲಿ, ಇಲ್ಲದಿದ್ದರೆ ಸೆರಗು ಹೊದ್ದು ಕಾಯಬೇಕು. ನೆಟ್‌ವರ್ಕ್ ಸಿಗದೆ ಚಿತ್ರ ಏರದಿದ್ದರೆ ಆ ದಿನದ ಹಾಜರಿಯೇ ಸಂಶಯಕ್ಕೆ ಬೀಳುತ್ತದೆ. ಕೆಲಸ ಮಾಡಿದ್ದಕ್ಕೆ ಅಗೆದ ಗುಂಡಿ ಸಾಕ್ಷಿಯಾಗಿದೆ, ಆದರೂ ಫೋನಿನ ಸಾಕ್ಷಿಯೇ ಮೇಲು. ಇಷ್ಟೆಲ್ಲ ಆದಮೇಲೆ ಕಳ್ಳತನವಾದರೂ ನಿಂತಿತೆ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯಲ್ಲಿ, ಸಂಬಂಧವಿಲ್ಲದ ಚಿತ್ರಗಳನ್ನು ಏರಿಸುವುದು, ಚಿತ್ರದ ಚಿತ್ರವನ್ನೇ ತೆಗೆದು ಹಾಜರಿ ಹಾಕುವುದು ನಡೆಯುತ್ತಿದೆಯೆಂದು ಒಪ್ಪಿಕೊಂಡು, ಮತ್ತೆ ಮನುಷ್ಯರಿಂದಲೇ ಪರಿಶೀಲನೆ ನಡೆಸಬೇಕೆಂದು ಹೇಳಲಾಯಿತು. ಮೋಸ ಮಾಡುವವನು ಫೋನಿನಿಂದಲೂ ಮಾಡಬಲ್ಲ. ಬಿಸಿಲಿನಲ್ಲಿ ಕಾದವಳು ಮಾತ್ರ ಪ್ರಾಮಾಣಿಕಳು.

ಆಧಾರ್ ಪಾವತಿಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಹೆಣ್ಣುಮಗಳ ಹೆಸರು ತವರಿನ ಶಾಲೆಯಲ್ಲಿ ಒಂದು ಬಗೆ, ಗಂಡನ ಮನೆಯ ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆ, ಆಧಾರ್ ಕಾರ್ಡಿನಲ್ಲಿ ಬರೆದುಕೊಂಡವನ ಕಿವಿಗೆ ಬಿದ್ದ ಬಗೆ. ಹೆಸರುಗಳು ತಾಳೆಯಾಗದಿದ್ದರೆ ಹಣ ನಿಲ್ಲುತ್ತದೆ. ಎಲ್ಲಿಯೋ ಸಾಲಕ್ಕೆಂದು ತೆರೆದ ಖಾತೆಗೆ ಕೊನೆಯದಾಗಿ ಆಧಾರ್ ಜೋಡಿಸಿದ್ದರೆ ಕೂಲಿ ಆ ಖಾತೆಗೆ ಹೋಗಿ ಬೀಳುತ್ತದೆ. ಆಕೆ ತನ್ನ ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಾಳೆ. ಇದನ್ನು ಬಿಡಿಸಿಕೊಳ್ಳಲು ಪಂಚಾಯಿತಿ, ಬ್ಯಾಂಕು, ಆಧಾರ್ ಕೇಂದ್ರ ಎಂದು ಮೂರು ದಿನ ಅಲೆದರೆ ಮೂರು ದಿನದ ಕೂಲಿ ಹೋಯಿತು. ಸಂಘಟನೆಗಳ ಕೆಲಸ ಈಗ ಧರಣಿಗಿಂತ ಹೆಚ್ಚಾಗಿ ಈ ಅಲೆದಾಟವೇ ಆಗಿದೆ. ಓದು ಬಲ್ಲ ಒಬ್ಬಳು ಹತ್ತು ಮಂದಿಯ ಕಾಗದಗಳನ್ನು ಹಿಡಿದು ಹೋಗುತ್ತಾಳೆ, ಅವಳ ಆ ದಿನದ ಕೆಲಸವನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಚಿತ್ರ ಬಾರದ ಹೋರಾಟವಿದು.

ಇಲ್ಲಿ ಒಂದು ಕ್ಷಣ ಸಮುದ್ರದಾಚೆ ನೋಡುವುದು ಅಪ್ರಸ್ತುತವಾಗಲಾರದು. ಅಮೆರಿಕದಲ್ಲಿ 1935ರಿಂದ ಬಡ ತಾಯಂದಿರಿಗೆ ಮಕ್ಕಳ ಪಾಲನೆಗಾಗಿ ನಗದು ನೆರವು ಕೊಡುವ ಪದ್ಧತಿಯಿತ್ತು. 1960ರ ದಶಕದಲ್ಲಿ ಆ ತಾಯಂದಿರೇ ಸಂಘ ಕಟ್ಟಿದರು. ಆರು ಮಕ್ಕಳ ತಾಯಿ ಜಾನಿ ಟಿಲ್‌ಮನ್ ಲಾಸ್ ಏಂಜಲೀಸಿನಲ್ಲಿ 1963ರಲ್ಲಿ ಆರಂಭಿಸಿದ ಸಣ್ಣ ಗುಂಪು, 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಕಲ್ಯಾಣ ಹಕ್ಕುಗಳ ಸಂಘಟನೆಯ ಬೇರುಗಳಲ್ಲೊಂದು. ಮಕ್ಕಳನ್ನು ಬೆಳೆಸುವುದು ಕೆಲಸವಲ್ಲವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಸಂಘಟನೆ 1975ರಲ್ಲಿ ಮುಚ್ಚಿಹೋಯಿತು. 1996ರ ಆಗಸ್ಟ್ 22ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು, ಹಳೆಯ ನೆರವನ್ನು ರದ್ದುಪಡಿಸಿ, ಕೆಲಸಕ್ಕೆ ಹೋಗಲೇಬೇಕೆಂಬ ಷರತ್ತನ್ನೂ ಜೀವಮಾನದಲ್ಲಿ ಐದೇ ವರ್ಷ ನೆರವೆಂಬ ಮಿತಿಯನ್ನೂ ವಿಧಿಸಿತು. ಐದು ವರ್ಷಗಳಲ್ಲಿ ನೆರವು ಪಡೆಯುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅವರೆಲ್ಲ ಬಡತನದಿಂದ ಹೊರಬಂದರೋ ಪಟ್ಟಿಯಿಂದ ಮಾತ್ರ ಹೊರಬಿದ್ದರೋ ಎಂಬ ವಾದ ಅಲ್ಲಿ ಇನ್ನೂ ನಿಂತಿಲ್ಲ.

ನಮ್ಮಲ್ಲಿ ನೆರವಿನ ವಿರುದ್ಧ ಆಡುವ ಮಾತುಗಳು ಬಹುಮಟ್ಟಿಗೆ ಆ ದೇಶದಿಂದ ಬಂದ ಮಾತುಗಳೇ. ‘ಬಿಟ್ಟಿ ಹಣ ಕೊಟ್ಟರೆ ದುಡಿಯುವುದಿಲ್ಲ.’ ಆದರೆ ನಮ್ಮ ತಾಯಂದಿರ ವಿಷಯದಲ್ಲಿ ಮಾತು ತಲೆಕೆಳಗಾಗಿದೆ. ಅಲ್ಲಿ ಸರ್ಕಾರ ‘ಕೆಲಸಕ್ಕೆ ಹೋಗು, ಇಲ್ಲದಿದ್ದರೆ ಹಣವಿಲ್ಲ’ ಎಂದು ತಾಯಿಗೆ ಹೇಳಿತು. ಇಲ್ಲಿ ತಾಯಿ ‘ಕೆಲಸ ಕೊಡು’ ಎಂದು ಸರ್ಕಾರಕ್ಕೆ ಅರ್ಜಿ ಬರೆಯುತ್ತಾಳೆ, ಅರ್ಜಿ ತಲುಪಿದ್ದಕ್ಕೆ ಚೀಟಿ ಕೇಳಿ ಧರಣಿ ಕೂರುತ್ತಾಳೆ. ಕೆರೆಯ ಹೂಳನ್ನು ತಲೆಯ ಮೇಲೆ ಹೊರುವುದಕ್ಕಾಗಿ ಧರಣಿ ಕೂರುವವಳನ್ನು ಸೋಮಾರಿಯೆನ್ನಲು ನಮಗಂತೂ ನಾಲಗೆ ಹೊರಳದು.

ಅಮೆರಿಕದ ಆ ಚರ್ಚೆಯಲ್ಲಿ ನಮ್ಮ ಓದುಗರು ನೆನಪಿಡಬೇಕಾದ ಅಂಶ ಮತ್ತೊಂದಿದೆ. ನೆರವಿನಲ್ಲಿರುವ ತಾಯಿಗೆ ಮತ್ತೊಂದು ಮಗು ಹುಟ್ಟಿದರೆ ಹೆಚ್ಚುವರಿ ನೆರವು ಕೊಡಬಾರದು ಎಂಬ ಷರತ್ತು ಅಂದು ಮುಂದೆ ಬಂದಾಗ, ಆ ದೇಶದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನ ಅದನ್ನು ಬಹಿರಂಗವಾಗಿ ವಿರೋಧಿಸಿತು. ಹುಟ್ಟಿದ ಮಗುವನ್ನು ದಂಡಿಸುವುದು ಯಾವ ಸುಧಾರಣೆಯೂ ಅಲ್ಲ ಎಂಬ ನಿಲುವು ಅದು. ಕೊನೆಗೆ ಆ ಷರತ್ತನ್ನು ರಾಜ್ಯಗಳ ವಿವೇಚನೆಗೆ ಬಿಡಲಾಯಿತು. ನಮ್ಮ ದೇಶದಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ ಕನಿಷ್ಠ 6,000 ರೂಪಾಯಿಗಳ ಹೆರಿಗೆ ನೆರವನ್ನು ವಾಗ್ದಾನ ಮಾಡಿತು. ಮೊದಲ ಮಗುವಿಗೆ ಮಾತ್ರವೆಂಬ ಮಿತಿ ಆ ಕಾಯ್ದೆಯ ಮಾತಿನಲ್ಲಿರಲಿಲ್ಲ. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಸೀಮಿತಗೊಳಿಸಿ 5,000 ರೂಪಾಯಿಗೆ ಇಳಿಸಿತು. 2022ರಲ್ಲಿ ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಎಂಬ ತಿದ್ದುಪಡಿ ಬಂದಿತು. ಎರಡನೆಯದು ಗಂಡಾದರೆ, ಮೂರನೆಯದು ಯಾವುದೇ ಆದರೆ, ಆ ತಾಯಿಯ ರಕ್ತಹೀನತೆಗೆ ಸರ್ಕಾರದ ಲೆಕ್ಕದಲ್ಲಿ ಜಾಗವಿಲ್ಲ. ಹೊಲದ ಕೂಲಿಯವಳಿಗೆ ಸಂಬಳಸಹಿತ ಹೆರಿಗೆ ರಜೆಯೆಂಬುದಿಲ್ಲ. ನೋವು ಕಾಣಿಸುವ ವಾರದವರೆಗೂ ಹತ್ತಿ ಬಿಡಿಸುತ್ತಾಳೆ. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಿಸಿಯೂಟ ಬಡಿಸಲು ಆರಂಭಿಸಿದಾಗ ಉದ್ದೇಶ ಒಳ್ಳೆಯದೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಮೈಲಿ ದೂರದ ಹೊಲದಲ್ಲಿರುವ ಗರ್ಭಿಣಿ ಅಂಗನವಾಡಿಗೆ ಬಂದು ಉಂಡು ಹೋಗುವುದು ಹೇಗೆಂದು ಮಾತ್ರ ಯಾರೂ ಯೋಚಿಸಿದಂತಿರಲಿಲ್ಲ.

ಇನ್ನು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಈ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಒಂದು ಕೋಟಿಗೂ ಹೆಚ್ಚು ಮಹಿಳೆಯರು ನೋಂದಾಯಿಸಿಕೊಂಡರು. ಅಂಗಳದ ಚರ್ಚೆಗಳಿಗೆ ಮುಖ್ಯ ಕಾರಣವೂ ಇದೇ. ಗೂಗಲ್‌ನಂಥ ಊರಿನ ಮನೆಯಲ್ಲಿ 2,000 ರೂಪಾಯಿ ಎಂದರೆ ಐದಾರು ದಿನದ ಖಾತ್ರಿ ಕೂಲಿ. ಅಷ್ಟು ಹಣಕ್ಕೆ ತಿಂಗಳಿಡೀ ಮನೆಯಲ್ಲಿ ಕೂತು ಉಣ್ಣುವವರುಂಟೆ? ಕಿರಾಣಿ ಅಂಗಡಿಯ ಸಾಲ ತೀರುತ್ತದೆ, ಮಗುವಿನ ಔಷಧಿಗೆ ಬಡ್ಡಿಗೆ ಕೈಯೊಡ್ಡುವುದು ತಪ್ಪುತ್ತದೆ, ಅಷ್ಟೆ. ಅದು ಸಣ್ಣ ಸಂಗತಿಯಲ್ಲ. ಹಣ ತನ್ನ ಖಾತೆಗೆ ಬರುತ್ತದೆಂಬುದೇ ಅನೇಕರಿಗೆ ಮೊದಲ ಅನುಭವ.

ಆದರೆ ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಮನೆಯ ಮುಖ್ಯಸ್ಥೆಯೆಂದು ಬರೆದವಳು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಅದು ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸು, ಎಂದರೆ ಅತ್ತೆ. ಕೂಸಿನ ತಾಯಿ ಸೊಸೆ. ಅತ್ತೆ ಸೊಸೆ ಹೊಂದಿಕೊಂಡಿದ್ದರೆ ಚಿಂತೆಯಿಲ್ಲ. ಗಂಡ ಬಿಟ್ಟುಹೋದ ಮೇಲೆ ಎರಡು ಮಕ್ಕಳೊಡನೆ ತವರಿಗೆ ಬಂದವಳ ಹೆಸರು ಇನ್ನೂ ಗಂಡನ ಮನೆಯ ಚೀಟಿಯಲ್ಲಿಯೇ ಇರುತ್ತದೆ. ಹೊಸ ಚೀಟಿ ಸಿಗುವವರೆಗೆ ಅವಳು ಅಕ್ಕಿಗೂ ಹೊರಗು, ಗೃಹಲಕ್ಷ್ಮಿಗೂ ಹೊರಗು. ಎಲ್ಲ ಯೋಜನೆಗಳ ಬೀಗದ ಕೈ ಆ ಒಂದು ಕಾರ್ಡು. 1997ರಲ್ಲಿ ಪಡಿತರವನ್ನು ಬಡತನ ರೇಖೆಯ ಮೇಲೆ, ಕೆಳಗೆ ಎಂದು ಎರಡಾಗಿ ಒಡೆದ ದಿನದಿಂದ ಕಾರ್ಡಿನ ಭಯ ಬಡವರನ್ನು ಬಿಟ್ಟಿಲ್ಲ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಅನರ್ಹರ ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸಲು ಹೊರಟಾಗ ಅರ್ಹರ ಕಾರ್ಡುಗಳೂ ಹೋದವೆಂಬ ಕೂಗೆದ್ದು, ಅವುಗಳನ್ನು ಹಿಂದಿರುಗಿಸಬೇಕಾಯಿತು. ಅನರ್ಹರನ್ನು ಹುಡುಕುವ ಪ್ರತಿಯೊಂದು ಬಲೆಯಲ್ಲಿಯೂ ಮೊದಲು ಸಿಕ್ಕಿಬೀಳುವವರು ಕಾಗದ ಹಿಡಿದು ಅಲೆಯಲು ಆಗದವರು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಗ್ಗೆ ಬಸ್ಸಿನ ನೂಕುನುಗ್ಗಲಿನ ನಗೆಚಾಟಿಕೆಗಳು ಬೇಕಾದಷ್ಟು ಹುಟ್ಟಿದವು. ಊರಿನಿಂದ ದೇವದುರ್ಗದ ತಾಲ್ಲೂಕು ಕಚೇರಿಗೋ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಗೋ ಹೋಗಿಬರುವ ಬಸ್ ಚಾರ್ಜು ಹಿಂದೆ ಕೂಲಿಯ ಒಂದು ಪಾಲನ್ನೇ ನುಂಗುತ್ತಿತ್ತು. ಅದು ಉಳಿದ ಮೇಲೆ ಐವತ್ತು ಮಂದಿ ತಾಯಂದಿರು ಒಟ್ಟಿಗೆ ಮನವಿ ಪತ್ರ ಹಿಡಿದು ಹೋಗುವುದು ಸುಲಭವಾಯಿತು. ಯೋಜನೆ ಮಾಡಿದವರು ಇದನ್ನು ಎಣಿಸಿದ್ದರೋ ಇಲ್ಲವೋ ತಿಳಿಯದು.

ಒಂದು ಕೈಯಲ್ಲಿ ಕೊಟ್ಟದ್ದನ್ನು ಮತ್ತೊಂದು ಕೈಯಲ್ಲಿ ಕಸಿದುಕೊಳ್ಳುವ ವಿಚಾರವನ್ನೂ ಹೇಳದೆ ಬಿಡುವಂತಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಪ್ಯಾಕೆಟ್ ಬಂದಿತು. ಕಿರಾಣಿ ಅಂಗಡಿಯಲ್ಲಿಯೂ ಅದು ಸಿಗುತ್ತದೆಂಬುದು ಹಳ್ಳಿಯ ಹೆಂಗಸರ ಹಳೆಯ ದೂರು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು 30ರಂದು ಬೆಂಗಳೂರು ತಲುಪಿದ ಮದ್ಯ ನಿಷೇಧ ಆಂದೋಲನದ ಪಾದಯಾತ್ರೆಯಲ್ಲಿ 200 ಕಿಲೋಮೀಟರಿಗೂ ಹೆಚ್ಚು ದೂರ ನಡೆದ ಸಾವಿರಾರು ಹೆಂಗಸರಲ್ಲಿ ರಾಯಚೂರು ಜಿಲ್ಲೆಯ ಕೂಲಿ ತಾಯಂದಿರು ದೊಡ್ಡ ಸಂಖ್ಯೆಯಲ್ಲಿದ್ದರು. ಹನ್ನೆರಡು ದಿನದ ಕೂಲಿ ಬಿಟ್ಟು ನಡೆದವರು ಅವರು. ಮದ್ಯ ನಿಷೇಧವಾಗಲಿಲ್ಲ. ಅಬಕಾರಿ ಆದಾಯವಿಲ್ಲದೆ ಕಲ್ಯಾಣ ಯೋಜನೆಗಳಿಗೆ ಹಣ ಎಲ್ಲಿಂದ ಎಂಬುದು ಎಲ್ಲ ಪಕ್ಷಗಳ ಸರ್ಕಾರಗಳ ಉತ್ತರ. ತಾಯಿಯ ಖಾತೆಗೆ ಬಂದ ಹಣ ಮಗನ ಅಥವಾ ಗಂಡನ ಮೂಲಕ ಖಜಾನೆಗೆ ಹಿಂದಿರುಗುವ ಈ ಚಕ್ರವನ್ನು ಸುಧಾರಣೆಯ ಪಟ್ಟಿಯಲ್ಲಿ ಯಾರೂ ಸೇರಿಸಿಲ್ಲ.

ಇದೇ ಸೀಮೆಯಲ್ಲಿ ಇನ್ನೂ ಕೆಳಗೆ ನಿಂತ ತಾಯಂದಿರಿದ್ದಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯ್ದೆಯ ನಂತರ ಸರ್ಕಾರ ಎರಡು ಸಲ ಸಮೀಕ್ಷೆ ನಡೆಸಿತು. 1993–94ರಲ್ಲಿ 22,873, 2007–08ರಲ್ಲಿ 23,787 ಮಹಿಳೆಯರು ಪಟ್ಟಿಗೆ ಬಂದರು. ಮಾಸಾಶನ, ಮನೆ, ಸಾಲ ಎಲ್ಲಕ್ಕೂ ಈ ಪಟ್ಟಿಯೇ ಆಧಾರವಾಗಿ, ಹೆಸರು ಬಿಟ್ಟುಹೋದವರಿಗೆ ಏನೂ ಇಲ್ಲದಾಯಿತು. ಸಮೀಕ್ಷೆಯ ದಿನ ಗುಳೆ ಹೋಗಿದ್ದವಳು, ನಾಚಿಕೆಯಿಂದ ಬಾಯಿ ಬಿಡದವಳು ಪಟ್ಟಿಯ ಹೊರಗೆ ಉಳಿದಳು. ಮಾಸಾಶನ ಹೆಚ್ಚಿಸಬೇಕು, ಮರು ಸಮೀಕ್ಷೆ ನಡೆಸಬೇಕು, ಭೂಮಿ ಕೊಡಬೇಕು ಎಂದು ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಎಷ್ಟೋ ವರ್ಷ ಬೀದಿಗಿಳಿಯಿತು. ತಾಯಂದಿರ ಜೊತೆ ಅವರ ಮಕ್ಕಳೂ ಸಂಘಟಿತರಾದರು. ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ಪೆನ್ನು ನಿಂತ ಮಕ್ಕಳು ಅವರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ಹಕ್ಕನ್ನು ಕುರಿತು ಮಾತನಾಡಿತು. ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳಬಾರದೆಂಬುದು ಅದರ ಮುಖ್ಯ ಅಂಶ. ನಲವತ್ತಮೂರು ವರ್ಷಗಳ ಹಿಂದಿನ ಕಾಯ್ದೆ ಸಮರ್ಪಣೆಯ ಅಪರಾಧವನ್ನು ಮಾತ್ರ ಕಂಡಿತ್ತು, ತಾಯಿ ಮಕ್ಕಳನ್ನು ಕಂಡಿರಲಿಲ್ಲ. ಕಾಣುವಂತೆ ಮಾಡಿದವರು ಅವರೇ.

ನೆರವನ್ನು ಹಂಚುವ ಕೈಗಳೂ ಬಡ ತಾಯಂದಿರವೇ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಅಂಗನವಾಡಿ ಕಾರ್ಯಕರ್ತೆ, 2002ರಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಅಡುಗೆಯಾಕೆ, ಆಶಾ, ಇವರ ದುಡಿಮೆಗೆ ಸರ್ಕಾರ ಕೊಡುವುದು ಸಂಬಳವಲ್ಲ, ‘ಗೌರವಧನ’. 2017ರ ಮಾರ್ಚಿನಲ್ಲಿ ಅಂಗನವಾಡಿ ನೌಕರರು ಬೆಂಗಳೂರಿನ ಬೀದಿಯಲ್ಲಿಯೇ ರಾತ್ರಿಗಳನ್ನು ಕಳೆದ ಮೇಲೆ ಅದು ಏರಿತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ತೀರ್ಪಿತ್ತಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು 10,000 ರೂಪಾಯಿಗಳ ಭರವಸೆ ಪಡೆದರು. ಗೌರವವನ್ನು ಹೀಗೆ ಬೀದಿಯಲ್ಲಿ ಕುಳಿತು ಪಡೆಯಬೇಕಾಗಿ ಬಂದದ್ದು ಆ ಪದಕ್ಕೇ ಅಪಮಾನ.

ಈಗ ಎಲ್ಲರ ಎದುರಿಗಿರುವುದು ಹೊಸ ಕಾಯ್ದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಮಹಾತ್ಮ ಗಾಂಧಿ ಉದ್ಯೋಗ ಖಾತ್ರಿ ಕಾಯ್ದೆಯ ಬದಲಿಗೆ ವಿಕಸಿತ ಭಾರತ ರೋಜ್‌ಗಾರ್ ಮತ್ತು ಆಜೀವಿಕಾ ಮಿಷನ್ ಗ್ರಾಮೀಣ ಖಾತರಿ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಅದು ಸ್ವಾಗತಾರ್ಹ. ಆದರೆ ಹಿಂದೆ ಕೂಲಿಯ ಪೂರ್ಣ ಹಣವನ್ನು ಕೇಂದ್ರ ಭರಿಸುತ್ತಿತ್ತು. ಹೊಸ ಕಾಯ್ದೆಯಲ್ಲಿ ಬಹುತೇಕ ರಾಜ್ಯಗಳು ವೆಚ್ಚದ ಶೇಕಡಾ 40ನ್ನು ಹೊರಬೇಕು. ಪ್ರತಿ ರಾಜ್ಯಕ್ಕೆ ಎಷ್ಟು ಹಣವೆಂಬುದನ್ನು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ, ಅದನ್ನು ಮೀರಿದರೆ ರಾಜ್ಯದ ಹೊಣೆ. ಹಳೆಯ ಕಾಯ್ದೆಯಲ್ಲಿ ತಾಯಿ ಬರೆದ ಅರ್ಜಿ ಮೊದಲು, ಹಣ ಆಮೇಲೆ. ಈಗ ಹಣ ಮೊದಲು, ಅರ್ಜಿ ಅದರೊಳಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಂಥ ವರ್ಷ ಮತ್ತೆ ಬಂದರೆ, ಗೊತ್ತುಮಾಡಿದ ಹಣ ಎಷ್ಟು ತಿಂಗಳಿಗೆ ಬಂದೀತು ಎಂಬುದು ಕೃಷ್ಣಾ ತೀರದ ತಾಯಂದಿರ ನ್ಯಾಯವಾದ ಪ್ರಶ್ನೆ.

ಬಿತ್ತನೆ, ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಈ ಕೆಲಸಗಳನ್ನು ನಿಲ್ಲಿಸಬೇಕೆಂಬ ವಿಧಿಯೂ ಕಾಯ್ದೆಯಲ್ಲಿದೆ. ಆಳು ಸಿಗದೆ ಬೆಳೆ ಹೊಲದಲ್ಲಿಯೇ ಉದುರುವುದನ್ನು ಕಂಡ ಸಣ್ಣ ರೈತನಿಗೆ ಇದು ಸಮಾಧಾನ ತಂದೀತು. ನಮ್ಮ ಓದುಗರಲ್ಲಿಯೂ ಅಂಥವರಿದ್ದಾರೆ, ಅವರ ಕಷ್ಟ ಸುಳ್ಳಲ್ಲ. ಆದರೆ ಹತ್ತಿ ಬಿಡಿಸುವ ತಿಂಗಳಲ್ಲಿ ಖಾತ್ರಿ ಕೆಲಸ ನಿಂತಿದೆಯೆಂದು ಇಬ್ಬರಿಗೂ ಗೊತ್ತಿದ್ದಾಗ, ಕೂಲಿಯ ದರವನ್ನು ಹೇಳುವವರು ಯಾರು, ಕೇಳುವವರು ಯಾರು?

ಕೊನೆಯದಾಗಿ ಕೂಸಿನ ಮನೆಯ ಮಾತು. 2023–24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ತಾಯಂದಿರ ಪುಟ್ಟ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಹಳೆಯ ಕಾಯ್ದೆ ಕೆಲಸದ ಸ್ಥಳದಲ್ಲಿ ಮರದಡಿಯ ಜೋಳಿಗೆಯ ಬಳಿ ನಿಲ್ಲಿಸಿದ್ದ ಆಯಾಳಿಗೆ ಇದರಿಂದ ಸೂರು ಸಿಕ್ಕಿತು. ಮೂರು ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳುವವರು ತರಬೇತಿ ಪಡೆದ ಊರಿನ ಹೆಂಗಸರೇ. ಜಾಬ್ ಕಾರ್ಡ್ ಇರುವ ಅವರಿಗೆ ಖಾತ್ರಿಯ ಲೆಕ್ಕದಲ್ಲಿಯೇ ಕೂಲಿ. ಹೊಸ ಕಾಯ್ದೆಗೆ ತಕ್ಕಂತೆ ತಮ್ಮ ಯೋಜನೆಯನ್ನು ರೂಪಿಸಿಕೊಳ್ಳಲು ರಾಜ್ಯಗಳಿಗೆ ಆರು ತಿಂಗಳ ಅವಕಾಶ ನೀಡಲಾಯಿತು. ಆ ಯೋಜನೆಯಲ್ಲಿ ತೊಟ್ಟಿಲು ತೂಗುವವಳ ಕೂಲಿಯನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂಬುದನ್ನು ಗೂಗಲ್ ಸೀಮೆಯ ಸಂಘಗಳು ಬೆಂಗಳೂರಿಗೆ ಬರೆಯುವ ಮನವಿಗಳಲ್ಲಿ ಮೊದಲ ಸಾಲಿನಲ್ಲಿಯೇ ಕೇಳಬೇಕಾಗಿದೆ.